ದೀಪ ಬೇಡ ಅನ್ನುತ್ತಿಲ್ಲ, ತುಸು ಬಾಗಿಸಿ ಅನ್ನುತ್ತಿದ್ದೇವೆ

ದಕ್ಷಿಣ ದಿಕ್ಕು ಅಂದರೆ ನಮ್ಮ ಕಡೆ ಯಾರಿಗೂ ಅಷ್ಟಕ್ಕಷ್ಟೆ. ಅದು ಯಮನ ದಿಕ್ಕು. ದಕ್ಷಿಣಕ್ಕೆ ಮುಖ ಮಾಡಿದ ಪ್ಲಾಟು ಅಂದರೆ ಕೊಳ್ಳುವವರು ಮೂಗು ಮುರಿಯುತ್ತಾರೆ, ಮಾರುವವರು ದರ ಇಳಿಸುತ್ತಾರೆ. ಹೀಗಾಗಿ ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಾಗಲಿ, ಅನುಕೂಲ ಇದ್ದವರು ಬಾಗಿಲನ್ನು ಪೂರ್ವಕ್ಕೋ ಉತ್ತರಕ್ಕೋ ಇಟ್ಟು ದಕ್ಷಿಣವನ್ನು ಹಿತ್ತಲಿಗೆ ಬಿಟ್ಟಿದ್ದಾರೆ. ಬಚ್ಚಲ ನೀರು ಹರಿಯುವ, ನುಗ್ಗೆ-ಕರಿಬೇವು ಬೆಳೆದ, ಮೂಲೆಯಲ್ಲಿ ಕಟ್ಟಿಗೆ ಒಟ್ಟಿದ ಹಿತ್ತಲು. ನಮ್ಮ ವಾದ ಇಷ್ಟೇ: ಈ ಹಿತ್ತಲಿನಲ್ಲಿ ನಿಂತರೆ ಕಾಣುವ ದಕ್ಷಿಣದ ಆಕಾಶ ನಮ್ಮ ಜಿಲ್ಲೆಯ ದೊಡ್ಡ ಆಸ್ತಿಗಳಲ್ಲಿ ಒಂದು. ಅದನ್ನು ನಾವು ಸರಿಯಾಗಿ ನೋಡುವ ಮೊದಲೇ ಕಳೆದುಕೊಳ್ಳುತ್ತಿದ್ದೇವೆ.

ನಮ್ಮ ಬಳಗದವರ ಮನೆಗಳು ಈ ನಾಲ್ಕೂ ಊರುಗಳಲ್ಲಿ ಹಂಚಿಕೊಂಡಿವೆ. ನಮ್ಮಲ್ಲಿ ಯಾರೂ ಖಗೋಳ ವಿಜ್ಞಾನ ಓದಿದವರಲ್ಲ; ಓದಿದ್ದು ಗ್ರಾಮೀಣ ಪತ್ರಿಕೋದ್ಯಮ. ಕೈಯಲ್ಲಿರುವುದು ಒಂದು 10×50 ಬೈನಾಕ್ಯುಲರ್, ಸಾಧಾರಣ ಮೊಬೈಲಿಗಿಂತ ಅಗ್ಗದ್ದು. ಊರಿಂದ ಊರಿಗೆ ಬಸ್ಸಿನಲ್ಲಿ ಓಡಾಡುತ್ತಿರುತ್ತದೆ. ಅದನ್ನು ಹಿಡಿದು ಹಿತ್ತಲಿನ ಗೋಡೆಯ ಕಡೆ ನೋಡುತ್ತ ನಿಂತಾಗ ಪಕ್ಕದ ಮನೆಯ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆಯೇ ಈ ವಿಷಯದ ತಿರುಳು: "ಚಿಕ್ಕಿ ಮ್ಯಾಲ ಇರತಾವ, ನೀವ್ಯಾಕ ಗ್ವಾಡಿ ಕಡೆ ನೋಡಾಕತ್ತೀರೋ ತಮ್ಮಗೋಳ?"

ಗೋಡೆಯ ಕಡೆಯೇ ನೋಡಬೇಕು. ಗದಗ ಭೂಮಧ್ಯರೇಖೆಯಿಂದ ಸುಮಾರು 15.4 ಡಿಗ್ರಿ ಉತ್ತರದಲ್ಲಿದೆ. ಉಳಿದ ಮೂರು ಊರುಗಳು ಇನ್ನೂ ತುಸು ದಕ್ಷಿಣಕ್ಕಿವೆ. ಇದರಿಂದಾಗಿ ಆಕಾಶದ ದಕ್ಷಿಣ ಧ್ರುವದ ಸುತ್ತಲಿನ ಒಂದಿಷ್ಟು ಜಾಗ ಬಿಟ್ಟರೆ ಮಿಕ್ಕಿದ್ದೆಲ್ಲ ವರ್ಷದ ಒಂದಲ್ಲ ಒಂದು ಹೊತ್ತಿಗೆ ನಮ್ಮ ದಿಗಂತದ ಮೇಲೆ ಬರುತ್ತದೆ. ಆದರೆ ತೀರ ದಕ್ಷಿಣದವು ಎತ್ತರಕ್ಕೆ ಏರುವುದಿಲ್ಲ. ಹೊಲದ ಬದುವಿನ ಮೇಲೆ, ನೆರೆಮನೆಯ ಮಾಳಿಗೆಯ ಅಂಚಿನಲ್ಲಿ, ಕಮಾನಿನಂತೆ ಸಾಗಿ ಮುಳುಗಿಬಿಡುತ್ತವೆ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಹೆಚ್ಚುಕಡಿಮೆ 10 ಡಿಗ್ರಿ ಮುಚ್ಚುತ್ತದೆ. ಗೇಣು ಬಿಡಿಸಿದರೆ 20. ನಾವು ಹೇಳುತ್ತಿರುವ ಪಟ್ಟಿ ದಿಗಂತದಿಂದ ಒಂದು ಗೇಣು, ಹೆಚ್ಚೆಂದರೆ ಗೇಣರ್ಧ. ಅಷ್ಟರೊಳಗೆ ಇಡೀ ಆಕಾಶದ ಅತ್ಯಂತ ಸೊಗಸಾದ ನಕ್ಷತ್ರಗುಚ್ಛಗಳಲ್ಲಿ ಕೆಲವು ಇವೆ.

ನಕ್ಷತ್ರಗುಚ್ಛ ಅಂದರೆ ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಗುತ್ತಿರುವ ನಕ್ಷತ್ರಗಳ ಹಿಂಡು. ಎಲ್ಲರಿಗೂ ಗೊತ್ತಿರುವುದು ಕೃತ್ತಿಕೆ. ಆದರೆ ಕೃತ್ತಿಕೆಗೆ ದಕ್ಷಿಣದಲ್ಲೊಂದು ತಂಗಿ ಇದೆ. ಪಟ್ಟಿಗಳಲ್ಲಿ ಅದರ ಹೆಸರು ಐಸಿ 2602; ಲೋಕದ ತುಂಬ ಅದನ್ನು ದಕ್ಷಿಣದ ಕೃತ್ತಿಕೆ ಅಂತಲೇ ಕರೆಯುತ್ತಾರೆ. ಗದಗಿನಲ್ಲಿ ಅದು ಏರುವ ಗರಿಷ್ಠ ಎತ್ತರ 10 ಡಿಗ್ರಿ, ಅಂದರೆ ಬರೀ ಒಂದು ಮುಷ್ಟಿ. ಅದರ ಮೇಲ್ಗಡೆ, ತುಸು ಎಡಕ್ಕೆ, 16 ಡಿಗ್ರಿ ಎತ್ತರದಲ್ಲಿ ಎನ್‌ಜಿಸಿ 3532 ಹಾಯುತ್ತದೆ. ಬೈನಾಕ್ಯುಲರಿನಲ್ಲಿ ನೋಡಿದರೆ ಕಣದಲ್ಲಿ ಚೆಲ್ಲಿದ ನವಣಿ. 1990ರ ಮೇ 20ರಂದು ಹಬಲ್ ಬಾಹ್ಯಾಕಾಶ ದೂರದರ್ಶಕ ತನ್ನ ಮೊಟ್ಟಮೊದಲ ಚಿತ್ರ ತೆಗೆದದ್ದು ಈ ಗುಚ್ಛದ್ದೇ. ಕೋಟಿಗಟ್ಟಲೆ ಡಾಲರಿನ ಯಂತ್ರ ಮೊದಲು ಕಣ್ಣು ತೆರೆದು ನೋಡಿದ್ದನ್ನು ನಾವು ಕಪ್ಪತಗುಡ್ಡದ ನೆತ್ತಿಯ ಮೇಲೆ ನೋಡಬಹುದು.

ಇಲ್ಲೊಂದು ಲೆಕ್ಕ ಹೇಳಲೇಬೇಕು. ದೆಹಲಿಯಲ್ಲಿ ದಕ್ಷಿಣದ ಕೃತ್ತಿಕೆ ಹುಟ್ಟುವುದೇ ಇಲ್ಲ. ವರ್ಷದ ಯಾವ ರಾತ್ರಿಯೂ, ಎಷ್ಟೇ ದುಡ್ಡು ಸುರಿದ ದೂರದರ್ಶಕವಿದ್ದರೂ. ಲಂಡನ್, ಪ್ಯಾರಿಸ್ಸಿನ ಮಾತಂತೂ ದೂರವೇ ಉಳಿಯಿತು. ಆಕಾಶ ನೋಡುವವರೆಲ್ಲ ಇವತ್ತಿಗೂ ಬಳಸುವ ಮೆಸ್ಸಿಯೆ ಪಟ್ಟಿಯಲ್ಲಿ ಈ ಗುಚ್ಛಗಳು ಇಲ್ಲದಿರುವುದಕ್ಕೆ ಕಾರಣ ಇದೇ: ಚಾರ್ಲ್ಸ್ ಮೆಸ್ಸಿಯೆ ಪ್ಯಾರಿಸ್ಸಿನಲ್ಲಿ ಕೂತು ನೋಡಿದವನು, ಅವನಿಗೆ ಇವು ಕಾಣಲಿಲ್ಲ. ಇವುಗಳನ್ನು ಪಟ್ಟಿ ಮಾಡಲು ಅವನದೇ ದೇಶದ ಲಕಾಯ್ 1751-52ರಲ್ಲಿ ಹಡಗು ಹತ್ತಿ ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರಕ್ಕೆ ಹೋಗಬೇಕಾಯಿತು. ಎಂಬತ್ತು ವರ್ಷಗಳ ನಂತರ ಜಾನ್ ಹರ್ಷೆಲ್ ಸಹ ಅಲ್ಲಿಗೇ ಹೋದ. ಬಣ್ಣಬಣ್ಣದ ಹರಳುಗಳ ಒಡವೆಪೆಟ್ಟಿಗೆ ಅಂತ ಇವತ್ತು ಹೆಸರಾದ ತ್ರಿಶಂಕುವಿನ ಗುಚ್ಛಕ್ಕೆ ಆ ಹೆಸರು ಬಂದದ್ದು ಹರ್ಷೆಲ್ ಮಾಡಿದ ಬಣ್ಣನೆಯಿಂದ. ಅವರೆಲ್ಲ ಸಮುದ್ರ ದಾಟಿ ಹೋಗಿ ನೋಡಿದ್ದು ನಮಗೆ ಹಿತ್ತಲಿನ ಬಾಗಿಲು ತೆಗೆದರೆ ಸಿಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಗಿಡಕ್ಕೆ ಮಾತ್ರ ಅನ್ವಯಿಸುವುದಿಲ್ಲ ಅಂತ ಕಾಣುತ್ತದೆ.

ಹಾಗಂತ ನಮ್ಮ ಜನಕ್ಕೆ ನಕ್ಷತ್ರ ಗೊತ್ತಿಲ್ಲ ಅನ್ನುವ ಹಾಗಿಲ್ಲ. ರೋಹಿಣಿ, ಮಿರಗ, ಮಗಿ, ಹುಬ್ಬಿ, ಉತ್ತರಿ, ಚಿತ್ತಿ, ಸ್ವಾತಿ. ಯಾವ ಮಳೆಗೆ ಹೆಸರುಕಾಳು ಬಿತ್ತಬೇಕು, ಯಾವುದು ಹೋದರೆ ಹಿಂಗಾರಿ ಜೋಳ ಕೈಬಿಟ್ಟಂತೆ ಅನ್ನುವುದನ್ನು ನಮ್ಮ ಅಪ್ಪಂದಿರು ನಿದ್ದೆಯಲ್ಲೂ ಹೇಳುತ್ತಾರೆ. ಆದರೆ ಅವೆಲ್ಲ ಮಳೆಯಾಗಿ ಗೊತ್ತು, ಚಿಕ್ಕಿಯಾಗಿ ಅಲ್ಲ. ಇದಕ್ಕೆ ಕಾರಣವೂ ಇದೆ. ಮಿರಗದ ಮಳೆ ಅಂದರೆ ಸೂರ್ಯ ಮೃಗಶಿರದ ಜಾಗದಲ್ಲಿರುವ ಕಾಲ. ಜೂನ್ 7-8ರಿಂದ ಹದಿಮೂರು-ಹದಿನಾಲ್ಕು ದಿನ. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವ ನಕ್ಷತ್ರ ರಾತ್ರಿ ಕಾಣುವುದೆಲ್ಲಿಂದ? ಮಿರಗವನ್ನು ಕಣ್ಣಲ್ಲಿ ನೋಡಬೇಕೆಂದರೆ ಮಳೆಯೆಲ್ಲ ಮುಗಿದ ಡಿಸೆಂಬರಿನಲ್ಲಿ ನೋಡಬೇಕು. ಆಗ ಯಾರಿಗೂ ಅದರ ನೆನಪಿರುವುದಿಲ್ಲ.

ಮಳೆಯ ಮಾತು ಬಿಡಿ, ಅದರಿಂದ ಯಾರಿಗೂ ಕೇಡಾಗಿಲ್ಲ. ಜಾತಕದ ಮಾತು ಹಾಗಲ್ಲ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮಾವನಿಗೆ ಆಗಿಬರೋದಿಲ್ಲ ಅಂತ ಸಂಬಂಧ ಬಿಟ್ಟ ಮನೆಗಳು ನಾಲ್ಕೂ ಊರುಗಳ ಓಣಿಗಳಲ್ಲಿವೆ. ಹುಟ್ಟಿದ ಹೊತ್ತನ್ನೇ ಹಿಂದೆ-ಮುಂದೆ ಮಾಡಿ ಹೊಸ ಜಾತಕ ಬರೆಸಿದವರೂ ಇದ್ದಾರೆ. ಆ ಮೂಲಾ ಇರುವುದು ವೃಶ್ಚಿಕದ ಬಾಲದಲ್ಲಿ. ಅದರ ಪಕ್ಕದಲ್ಲಿ, ಅರ್ಧ ಮುಷ್ಟಿ ದೂರದಲ್ಲಿ, ಬರಿಗಣ್ಣಿಗೇ ಕಾಣುವ ಒಂದು ಬೆಳಕಿನ ಚುಕ್ಕೆ ಇದೆ. ಮೆಸ್ಸಿಯೆ ಪಟ್ಟಿಯಲ್ಲಿ ಅದು ಏಳನೆಯದು, ಎಂ 7. ಎರಡನೇ ಶತಮಾನದಲ್ಲೇ ಟಾಲೆಮಿ ಅದನ್ನು ಬರೆದಿಟ್ಟಿದ್ದ. ಪ್ಯಾರಿಸ್ಸಿನಲ್ಲಿ ಅದು ಆರೇಳು ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮಲ್ಲಿ 40 ಡಿಗ್ರಿ ಏರುತ್ತದೆ. ಬೈನಾಕ್ಯುಲರಿನಲ್ಲಿ ಹತ್ತಾರು ನಕ್ಷತ್ರಗಳಾಗಿ ಬಿಡಿಸಿಕೊಳ್ಳುತ್ತದೆ. ದೂರ ಸುಮಾರು 980 ಜ್ಯೋತಿರ್ವರ್ಷ: ಲಕ್ಕುಂಡಿಯಲ್ಲಿ ಗುಡಿಗಳು ಏಳುತ್ತಿದ್ದ ಶತಮಾನದಲ್ಲಿ ಹೊರಟ ಬೆಳಕು ಈಗ ಬಂದು ತಲುಪುತ್ತಿದೆ. ಹೆಣ್ಣುಮಕ್ಕಳ ಹಣೆಬರಹ ನಿರ್ಧರಿಸುವ ಹೆಸರಾಗಿ ಮೂಲಾ ಎಲ್ಲರಿಗೂ ಗೊತ್ತು, ಅಷ್ಟು ಚೆಂದದ ನೆರೆಯಿರುವ ಒಂದು ಚಿಕ್ಕಿಯಾಗಿ ಯಾರಿಗೂ ಗೊತ್ತಿಲ್ಲ ಅನ್ನುವುದು ನಮಗೆ ಬರೀ ಅಜ್ಞಾನದ ವಿಷಯವಾಗಿ ಕಾಣುವುದಿಲ್ಲ. ಕಾಣದ್ದರ ಹೆಸರಿನಲ್ಲಿ ಹೆದರಿಸುವುದು ಸುಲಭ. ಹುಡುಗಿಯೊಬ್ಬಳು ತನ್ನ ನಕ್ಷತ್ರವನ್ನು ತಾನೇ ಹಿತ್ತಲಲ್ಲಿ ನಿಂತು ನೋಡಿದರೆ ಮದುವೆ ಮಾರುಕಟ್ಟೆಯ ಲೆಕ್ಕ ಮರುದಿನವೇ ಬದಲಾಗುತ್ತದೆ ಅಂತ ನಾವು ಹೇಳುವುದಿಲ್ಲ. ಆದರೆ ಅವಳು ನೋಡುವುದು ನ್ಯಾಯ.

ಯಾವಾಗ ನೋಡಬೇಕು? ಇದಕ್ಕೆ ಹೊಸ ದಿನಾಚರಣೆ ಬೇಕಿಲ್ಲ. ಮಹಾಶಿವರಾತ್ರಿ ಇದೆ. ಅದು ಬರುವುದು ಮಾಘ ಬಹುಳ ಚತುರ್ದಶಿಯಂದು, ಅಮಾವಾಸ್ಯೆಯ ಮಗ್ಗುಲಲ್ಲಿ. ಬೆಳಗಿನ ಜಾವದವರೆಗೂ ಚಂದ್ರ ಏಳುವುದಿಲ್ಲ, ಎದ್ದರೂ ಉಗುರಿನ ಗೆರೆಯಷ್ಟು. ಮೋಡ ಕಡಿಮೆ, ಚಳಿ ತಡೆಯುವಷ್ಟು. ಎಲ್ಲಕ್ಕಿಂತ ಮುಖ್ಯ, ಊರಿಗೆ ಊರೇ ಎಚ್ಚರ ಇರುತ್ತದೆ. ನಮ್ಮಲ್ಲಿ ಜಾಗರಣೆ ಅಂದರೆ ಭಜನೆ, ಆಮೇಲೆ ಇಸ್ಪೀಟು, ಆಮೇಲೆ ಮೊಬೈಲು. ಅದರ ನಡುವೆ ನಾಲ್ಕೈದು ಸಲ ಹಿತ್ತಲಿಗೆ ಹೋಗಿ ಬಂದರೆ ಸಾಕು, ದಕ್ಷಿಣದ ಮೆರವಣಿಗೆ ಪೂರ್ತಿ ಸಿಗುತ್ತದೆ.

ಹಬ್ಬ ಫೆಬ್ರವರಿ ನಡುವೆ ಬಿದ್ದ ವರ್ಷದ ಲೆಕ್ಕ ಹೇಳುತ್ತೇವೆ. ರಾತ್ರಿ ಒಂಬತ್ತರ ಸುಮಾರಿಗೆ ನೇರ ದಕ್ಷಿಣದಲ್ಲಿ, ಒಂದು ಗೇಣಿಗಿಂತ ತುಸು ಮೇಲೆ, ಒಂಟಿಯಾಗಿ ಬೆಳಗುವುದು ಅಗಸ್ತ್ಯ. ಆಕಾಶದ ಎರಡನೇ ಅತಿ ಪ್ರಕಾಶದ ನಕ್ಷತ್ರ. ಊರ ನಡುವಿನಿಂದಲೂ ಕಾಣುವುದರಿಂದ ದಾರಿ ಶುರುಮಾಡಲು ಇದೇ ಸರಿ. ಮುಕ್ಕಾಲು ತಾಸಿನ ನಂತರ, ಒಂದೂವರೆ ತಾಸಿನ ನಂತರ ಹೋಗಿ ನೋಡಿದರೆ ಅಗಸ್ತ್ಯ ಬಲಕ್ಕೆ ಜಾರಿರುತ್ತದೆ, ಎಡದಿಂದ ನಾಲ್ಕು ನಕ್ಷತ್ರಗಳ ಒಂದು ಶಿಲುಬೆ ಬಂದಿರುತ್ತದೆ. ಇದು ತ್ರಿಶಂಕು ಅಲ್ಲ. ಮೊದಲ ಸಲ ನೋಡುವ ಹತ್ತರಲ್ಲಿ ಒಂಬತ್ತು ಮಂದಿ ಇದನ್ನೇ ತ್ರಿಶಂಕು ಅಂತ ತಿಳಿಯುತ್ತಾರೆ. ಅದಕ್ಕೇ ಇದರ ಹೆಸರು ಸುಳ್ಳು ಶಿಲುಬೆ. ಸುಳ್ಳಾದರೂ ಕೈಮರದ ಕೆಲಸ ಚೆನ್ನಾಗಿ ಮಾಡುತ್ತದೆ: ಹನ್ನೊಂದು ಗಂಟೆಯ ಆಸುಪಾಸು ಅದರ ಕೆಳಮೂಲೆಯ ನಕ್ಷತ್ರದಿಂದ ಬೈನಾಕ್ಯುಲರನ್ನು ಇನ್ನೂ ತುಸು ಕೆಳಕ್ಕೆ ಇಳಿಸಿದರೆ 14 ಡಿಗ್ರಿ ಎತ್ತರದಲ್ಲಿ ಎನ್‌ಜಿಸಿ 2516, ಹನ್ನೊಂದೂವರೆಗೆ ಶಿಲುಬೆಯ ಮೇಲ್ಗಡೆ, 21 ಡಿಗ್ರಿಯಲ್ಲಿ, ಬಿಡಿಬಿಡಿಯಾಗಿ ಹರಡಿದ ಐಸಿ 2391.

ನಡುರಾತ್ರಿಯ ನಂತರವೇ ಅಸಲು ಸಂಗತಿ. ಒಂದೂವರೆಗೆ ದಕ್ಷಿಣದ ಕೃತ್ತಿಕೆ ತನ್ನ ಒಂದು ಮುಷ್ಟಿ ಎತ್ತರಕ್ಕೆ ಬಂದಿರುತ್ತದೆ. ನಡುವಿನ ಒಂದು ನಕ್ಷತ್ರ ಚೆನ್ನಾಗಿ ಕಾಣುತ್ತದೆ, ಅದರ ಸುತ್ತ ಉಳಿದವು. ವಿಜಯನಗರದ ಕಾಲದಲ್ಲಿ ಹೊರಟ ಬೆಳಕು ಅದು. ಹೆಚ್ಚು ತಡವಿಲ್ಲದೆ ಹಬಲ್ ನೋಡಿದ ಗುಚ್ಛವೂ ನೇರ ದಕ್ಷಿಣಕ್ಕೆ ಬರುತ್ತದೆ. ಮೂರೂವರೆ ದಾಟಿದ ಮೇಲೆ ನಿಜವಾದ ತ್ರಿಶಂಕು ನೆಟ್ಟಗೆ ನಿಲ್ಲುತ್ತದೆ. ವಿಶ್ವಾಮಿತ್ರ ಮೇಲೆ ಕಳಿಸಿದ, ಇಂದ್ರ ಕೆಳಗೆ ನೂಕಿದ ರಾಜನ ಕತೆ ಎಲ್ಲರೂ ಕೇಳಿದ್ದೇ. ಅವನು ನಡುವೆ ಎಲ್ಲಿ ನಿಂತ ಅಂತ ಕೇಳಿದರೆ ನಮ್ಮ ಊರುಗಳ ಮಟ್ಟಿಗೆ ಉತ್ತರ ಖಚಿತವಾಗಿದೆ: ದಿಗಂತದಿಂದ 11ರಿಂದ 18 ಡಿಗ್ರಿಯೊಳಗೆ. ಅವನ ಎಡಗಡೆಯ ನಕ್ಷತ್ರದ ಪಕ್ಕದಲ್ಲೇ ಹರ್ಷೆಲ್‌ನ ಒಡವೆಪೆಟ್ಟಿಗೆ. ನಾಲ್ಕು ಗಂಟೆಗೆ ತುಸು ಮೇಲೆ, 27 ಡಿಗ್ರಿಯಲ್ಲಿ ಒಮೆಗಾ ಸೆಂಟಾರಿ. ಇದರ ಜಾತಿಯೇ ಬೇರೆ, ಗೋಳಗುಚ್ಛ. ಕೋಟಿಯಷ್ಟು ನಕ್ಷತ್ರಗಳ ಉಂಡೆ, ದೂರ 17,000 ಜ್ಯೋತಿರ್ವರ್ಷ. ಬೈನಾಕ್ಯುಲರಿನಲ್ಲಿ ಉಸಿರು ಹಿಡಿದ ಗಾಜಿನ ಮೇಲಿನ ಮಂಜಿನ ಬೊಟ್ಟಿನ ಹಾಗೆ ಕಾಣುತ್ತದೆ. ಐದು ದಾಟಿದರೆ ಆಗ್ನೇಯದಲ್ಲಿ ವೃಶ್ಚಿಕ ಎದ್ದಿರುತ್ತದೆ, ಮೂಲಾ ಮತ್ತು ಅದರ ನೆರೆಯ ಎಂ 7 ಸಮೇತ. ಹಬ್ಬ ಮಾರ್ಚ್ ಮೊದಲ ವಾರಕ್ಕೆ ಬಿದ್ದರೆ ಇವೆಲ್ಲ ಒಂದು ತಾಸಿಗೂ ತುಸು ಹೆಚ್ಚು ಮೊದಲೇ ನಡೆದುಹೋಗುತ್ತವೆ, ಅಷ್ಟು ನೆನಪಿಡಬೇಕು.

ಈಗ ತಕರಾರಿನ ಮಾತು. ತಲೆಯ ಮೇಲಿನ ನಕ್ಷತ್ರದ ಬೆಳಕು ಗಾಳಿಯ ಒಂದು ಪದರ ದಾಟಿ ಬಂದರೆ, 30 ಡಿಗ್ರಿಯಲ್ಲಿರುವುದು ಅದರ ಎರಡರಷ್ಟು ಗಾಳಿ ದಾಟಬೇಕು. 10 ಡಿಗ್ರಿಯಲ್ಲಿರುವುದು ಐದೂವರೆಯಷ್ಟು. ಎರೆ ಹೊಲದ ದೂಳು, ರಾಶಿ ಯಂತ್ರದ ಹೊಟ್ಟು, ಕಸ ಸುಟ್ಟ ಹೊಗೆ ಎಲ್ಲ ಕೂರುವುದು ಈ ಕೆಳಗಿನ ಪದರದಲ್ಲೇ. ಊರಿನ ದೀಪದ ಬೆಳಕು ಅಡ್ಡಕ್ಕೆ ಚೆಲ್ಲಿದಾಗ ಆ ದೂಳೇ ಬೆಳಗಲು ಶುರುವಾಗುತ್ತದೆ. ಹೀಗಾಗಿ ಊರಿನ ಬೆಳಕು ಮೊದಲು ತಿನ್ನುವುದು ನೆತ್ತಿಯ ಆಕಾಶವನ್ನಲ್ಲ, ಈ ಪಟ್ಟಿಯನ್ನು. ನೆತ್ತಿ ಮೇಲೆ ಸಾಕಷ್ಟು ಚಿಕ್ಕಿ ಕಾಣುತ್ತಿರುವುದರಿಂದ ಏನೂ ಕಳೆದಿಲ್ಲ ಅಂತ ಎಲ್ಲರೂ ತಿಳಿದಿರುತ್ತಾರೆ.

ನಾಲ್ಕು ಊರುಗಳಲ್ಲಿ ನಮಗೆ ಕಂಡದ್ದು ನಾಲ್ಕು ಥರ. ಅವಳಿ ನಗರದ ನಡುವಿನ ಹಿತ್ತಲಿನಿಂದ ದಕ್ಷಿಣದ ಕೃತ್ತಿಕೆ ಬರಿಗಣ್ಣಿಗೆ ಕಾಣಿಸುವುದಿಲ್ಲ. ಬೈನಾಕ್ಯುಲರಿನಲ್ಲಿ ಹುಡುಕಿದರೆ ಐದಾರು ನಕ್ಷತ್ರ, ಬೂದುಬಣ್ಣದ ಹಿನ್ನೆಲೆಯಲ್ಲಿ. ಲಕ್ಷ್ಮೇಶ್ವರದಲ್ಲಿ ಎಲ್ಲ ಚೆನ್ನಾಗಿತ್ತು, ಮಂಗಲ ಕಾರ್ಯಾಲಯವೊಂದರ ಎರಡು ಫ್ಲಡ್‌ಲೈಟುಗಳು ಸರಿಯಾಗಿ ಆ ದಿಕ್ಕಿಗೇ ಇಲ್ಲದಿದ್ದರೆ. ಮದುವೆ ಇಲ್ಲದ ರಾತ್ರಿಯೂ ಅವು ಉರಿಯುತ್ತವೆ. ಶಿರಹಟ್ಟಿಯ ಅಂಚಿನ ಹಿತ್ತಲಿನಿಂದ ಅದೇ ಗುಚ್ಛ ಬರಿಗಣ್ಣಿಗೆ ಮಸುಕಾದ ತೇಪೆಯಂತೆ ಕಾಣುತ್ತದೆ. ಮುಂಡರಗಿಯಿಂದ ತುಂಗಭದ್ರೆಯ ಕಡೆಗೆ ಇಳಿದು ಹೊಲದಲ್ಲಿ ನಿಂತಾಗ ಮಾತ್ರ ಅದು ಯಾಕೆ ಕೃತ್ತಿಕೆಯ ತಂಗಿ ಅನ್ನಿಸಿಕೊಂಡಿತು ಅನ್ನುವುದು ಗೊತ್ತಾಗುತ್ತದೆ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳ ಕೆಂಪು ದೀಪಗಳ ಬಗ್ಗೆ ಹಲವರು ಕೇಳುತ್ತಾರೆ. ನಮಗೆ ಅವುಗಳಿಂದ ಹೆಚ್ಚು ತೊಂದರೆ ಇಲ್ಲ. ಮಿಣುಕುವ ಕೆಂಪು ಕತ್ತಲೆಗೆ ಹೊಂದಿಕೊಂಡ ಕಣ್ಣನ್ನು ಬಿಳಿ ಬೆಳಕಿನಷ್ಟು ಕೆಡಿಸುವುದಿಲ್ಲ. ಕೆಡಿಸುವುದು ಅಡ್ಡಕ್ಕೆ ಮುಖ ಮಾಡಿದ ಬಿಳಿ-ನೀಲಿ ಎಲ್‌ಇಡಿ.

ಇಲ್ಲಿ ಒಂದು ಎಚ್ಚರಿಕೆ ನಮಗೆ ನಾವೇ ಹೇಳಿಕೊಳ್ಳಬೇಕು. ಹಳ್ಳಿಯ ಕತ್ತಲೆಯನ್ನು ಹೊಗಳುವುದು ಪ್ಯಾಟಿಯವರ ಚಟ. ನಡುರಾತ್ರಿ ಎರಡು ಗಂಟೆಗೆ ತ್ರಿಶಂಕುವಿನ ಕೆಳಗೆ ನಿಂತಿರುವ ರೈತ ಆಕಾಶ ನೋಡಲು ಬಂದವನಲ್ಲ. ತ್ರೀಫೇಸ್ ಕರೆಂಟು ಆ ಹೊತ್ತಿಗೆ ಕೊಡುತ್ತಾರೆ ಅಂತ ನೀರು ಹಾಯಿಸಲು ಬಂದವನು. ಅವನ ಕಾಲಬಳಿ ಕೊಳಕುಮಂಡಲ ಇರಬಹುದು. ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ, ಕೊನೆಯ ಬಸ್ಸಿಳಿದು ಓಣಿಗೆ ನಡೆಯುವ ಹೆಂಗಸಿಗೆ ದೀಪ ಬೇಕು. ಇದರಲ್ಲಿ ಎರಡು ಮಾತಿಲ್ಲ. ಕಂಬದಲ್ಲಿ ಬಲ್ಬಿಲ್ಲದ ಓಣಿಗಳು ಇವತ್ತಿಗೂ ಇವೆ, ಅಲ್ಲಿಗೆ ಮೊದಲು ದೀಪ ಬರಲಿ.

ನಮ್ಮ ತಕರಾರು ದೀಪದ ಮುಖದ ಮೇಲೆ. ಓಣಿಗೆ ಬೀಳಬೇಕಾದ ಬೆಳಕು ಅಡ್ಡಕ್ಕೆ ಹೋದರೆ ಎದುರು ಬರುವವನ ಕಣ್ಣಿಗೆ ಬೀಳುತ್ತದೆ. ಕಣ್ಣು ಕಿರಿದಾಗಿ, ಕಂಬದ ಆಚೆಯ ನೆರಳು ಇನ್ನೂ ಕಪ್ಪಾಗುತ್ತದೆ. ಗಟಾರದ ಬಾಯಿ ಕಾಣುವುದಿಲ್ಲ, ಗೋಡೆಗೆ ಒರಗಿ ನಿಂತವನು ಕಾಣುವುದಿಲ್ಲ. ಹೈಮಾಸ್ಟ್ ದೀಪದ ಕೆಳಗೆ ನಿಂತು ನೂರು ಹೆಜ್ಜೆ ಆಚೆ ನೋಡಿ, ಗೊತ್ತಾಗುತ್ತದೆ. ಆಕಾಶಕ್ಕೆ ಹೋದ ಬೆಳಕಿಗೂ ಮೀಟರು ಓಡಿರುತ್ತದೆ. ಬೀದಿದೀಪದ ಬಿಲ್ಲು ಅಂದರೆ ಯಾವ ಗ್ರಾಮ ಪಂಚಾಯಿತಿಗೂ ತಲೆನೋವೇ. ಆ ಬಿಲ್ಲಿನ ಒಂದು ಪಾಲು ಕಪ್ಪತಗುಡ್ಡದ ಮೇಲಿನ ದೂಳನ್ನು ಬೆಳಗಲು ಹೋಗುತ್ತಿದೆ. ಪತ್ರಿಕೆಗಳಲ್ಲಿ ದೀಪ ಸುದ್ದಿಯಾಗುವುದು ಕೆಟ್ಟಾಗ ಮಾತ್ರ. ಮೂಲಸೌಕರ್ಯದ ವರದಿ ಬರೆಯುವಾಗ ದೀಪಕ್ಕೆ ಇರುವುದು ಒಂದೇ ಪ್ರಶ್ನೆ: ಇದೆಯೋ, ಇಲ್ಲವೋ. ಎತ್ತ ಮುಖ ಮಾಡಿದೆ ಅನ್ನುವ ಎರಡನೇ ಪ್ರಶ್ನೆಯನ್ನೂ ಕೇಳುವ ಕಾಲ ಬಂದಿದೆ. ಶಬ್ದಕ್ಕೆ 2000ದಿಂದ ದೇಶದಲ್ಲಿ ನಿಯಮಗಳಿವೆ, ಬೆಳಕಿಗೆ ಅಂಥದ್ದಿಲ್ಲ. ಫ್ರಾನ್ಸ್ 2018ರ ಡಿಸೆಂಬರಿನಲ್ಲಿ ದೀಪ ಎಷ್ಟು ಹೊತ್ತು ಉರಿಯಬೇಕು, ಎಷ್ಟು ಬೆಳಕು ಮೇಲಕ್ಕೆ ಹೋಗಬಹುದು ಅನ್ನುವುದಕ್ಕೇ ಆದೇಶ ಹೊರಡಿಸಿತು. ಅಷ್ಟು ದೂರದ ಮಾತು ಸದ್ಯಕ್ಕೆ ಬೇಡ.

ನಮ್ಮಲ್ಲೊಬ್ಬರ ಹಿತ್ತಲಿಗೆ ಎದುರಾಗಿ ಹಿಂದಿನ ಮನೆಯ ಕಾಕಾ ಒಂದು ಫ್ಲಡ್‌ಲೈಟ್ ಹಾಕಿಸಿದ್ದರು. ಕಳ್ಳರ ಭಯ. ಹೋಗಿ ಮಾತಾಡಿದೆವು. ಆರಿಸಿ ಅನ್ನಲಿಲ್ಲ, ತುಸು ಕೆಳಗೆ ಬಾಗಿಸೋಣವೇ ಅಂದೆವು. ಮೊದಲು ಒಪ್ಪಲಿಲ್ಲ. ಆಮೇಲೆ ತಾವೇ ಏಣಿ ಇಟ್ಟು, ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅದಕ್ಕೊಂದು ಟೋಪಿ ಮಾಡಿದರು. ಖರ್ಚು ಸೊನ್ನೆ. ಮರುದಿನ ಸಿಕ್ಕಾಗ ಹೇಳಿದ್ದು ನಕ್ಷತ್ರದ ಸುದ್ದಿಯಲ್ಲ: "ಈಗ ಅಂಗಳದಾಗ ಕುಂತು ಜ್ವಾಳ ಹಸನ ಮಾಡಬಹುದು ನೋಡ್ರಿ, ಅಷ್ಟ ಬೆಳಕು ಬಿದ್ದೈತಿ." ಆ ರಾತ್ರಿ ಅದೇ ಹಿತ್ತಲಿನಿಂದ, ಅದೇ ಬೈನಾಕ್ಯುಲರಿನಲ್ಲಿ ಎನ್‌ಜಿಸಿ 2516 ಮೊದಲ ಸಲ ಸಿಕ್ಕಿತು.

ದೊಡ್ಡ ಮಟ್ಟದಲ್ಲೂ ಆಗಬೇಕಾದ್ದಿದೆ. ಲಡಾಖಿನ ಹಾನ್ಲೆಯ ಸುತ್ತಲಿನ ಪ್ರದೇಶ 2022ರಲ್ಲಿ ಕತ್ತಲೆ ಆಕಾಶದ ಮೀಸಲು ಪ್ರದೇಶವಾಯಿತು. ಮಹಾರಾಷ್ಟ್ರದ ಪೆಂಚ್ ಹುಲಿ ರಕ್ಷಿತಾರಣ್ಯಕ್ಕೆ 2024ರಲ್ಲಿ ಅಂಥದ್ದೇ ಮನ್ನಣೆ ಸಿಕ್ಕಿತು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಮಾಗಡಿ ಕೆರೆ 2024ರಿಂದ ರಾಮ್ಸಾರ್ ತಾಣ. ಚಳಿಗಾಲದಲ್ಲಿ ಅಲ್ಲಿಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೂ ರಾತ್ರಿ ಕತ್ತಲೆಯಾಗಿರುವುದೇ ಬೇಕು. ಹಾನ್ಲೆಗೂ ಪೆಂಚ್‌ಗೂ ಇಲ್ಲದ ದಕ್ಷಿಣದ ಪಟ್ಟಿ ನಮ್ಮಲ್ಲಿದೆ: ಪೆಂಚ್‌ನಲ್ಲಿ ದಕ್ಷಿಣದ ಕೃತ್ತಿಕೆ ದಿಗಂತಕ್ಕೆ ಅಂಟಿಕೊಂಡೇ ಮುಳುಗುತ್ತದೆ, ಹಾನ್ಲೆಯಲ್ಲಿ ಅದೂ ಇಲ್ಲ. ಆದರೂ ನಾಮಫಲಕ, ವೀಕ್ಷಣಾ ಗೋಪುರ, ಪಾರ್ಕಿಂಗ್ ಅಂತ ಶುರುವಾಗುವ ಯೋಜನೆಯ ಬಗ್ಗೆ ನಮಗೆ ಅನುಮಾನವೇ. ಗೋಪುರ ಕಟ್ಟಿದರೆ ಮೊದಲು ಅದಕ್ಕೇ ಫ್ಲಡ್‌ಲೈಟ್ ಹಾಕುತ್ತಾರೆ. ಕೆರೆಯ ದಂಡೆಗೆ ಟಾರ್ಚು ಹಿಡಿದು ಗುಂಪಾಗಿ ಹೋಗುವುದೂ ಬೇಡ, ಹಕ್ಕಿಗಳ ಪಾಡಿಗೆ ಹಕ್ಕಿಗಳಿರಲಿ. ಹಿತ್ತಲು ಸಾಕು.

ಗ್ರಾಮಸಭೆಗೆ, ಪಟ್ಟಣಗಳಲ್ಲಾದರೆ ವಾರ್ಡಿನ ಸದಸ್ಯರಿಗೆ ಕೊಡಲು ಒಂದು ಅರ್ಜಿ ಸಿದ್ಧ ಮಾಡಿದ್ದೇವೆ. ಯಾರು ಬೇಕಾದರೂ ತಮ್ಮ ಊರಿನ ಹೆಸರು ಹಾಕಿಕೊಂಡು ಕೊಡಬಹುದು. ಅದರಲ್ಲಿರುವುದು ಇಷ್ಟು: ಹೊಸದಾಗಿ ಕೊಳ್ಳುವ ಬೀದಿದೀಪಗಳು ಮೇಲೆ ಮುಚ್ಚಿದ, ನೆಲಕ್ಕೆ ಸಮತಟ್ಟಾಗಿ ಕೂರುವ ಬಗೆಯವಾಗಿರಲಿ, ಬಣ್ಣ ಬಿಳಿ-ನೀಲಿಯ ಬದಲು ಹಳದಿ ಕಡೆಗಿನದು, 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯದು ಇರಲಿ. ಈಗಿರುವ ಹೈಮಾಸ್ಟ್ ಮತ್ತು ಫ್ಲಡ್‌ಲೈಟುಗಳನ್ನು ದುರಸ್ತಿಗೆ ಏಣಿ ಹತ್ತಿದಾಗಲೇ ಕೆಳಮುಖ ಮಾಡಲಿ. ಗುಡಿ, ಕಾರ್ಯಾಲಯ, ಜಾಹೀರಾತು ಫಲಕಗಳ ಅಲಂಕಾರದ ದೀಪ ಜಾತ್ರೆ-ಮದುವೆಯ ದಿನ ಬಿಟ್ಟು ಉಳಿದ ದಿನ ರಾತ್ರಿ ಹನ್ನೊಂದಕ್ಕೆ ಆರಲಿ. ಕೊನೆಗೆ ಒಂದು ಸಾಲು, ಇದಕ್ಕೆ ಯಾರೂ ಒಪ್ಪುವುದಿಲ್ಲ ಅಂತ ನಮ್ಮಲ್ಲೇ ಇಬ್ಬರು ವಾದಿಸಿದರೂ ಉಳಿಸಿಕೊಂಡಿದ್ದೇವೆ: ಶಿವರಾತ್ರಿಯ ಜಾಗರಣೆಯ ದಿನ ರಾತ್ರಿ ಒಂದರಿಂದ ಎರಡರವರೆಗೆ, ಪೊಲೀಸ್ ಠಾಣೆ, ಆಸ್ಪತ್ರೆ, ಬಸ್ ನಿಲ್ದಾಣ ಬಿಟ್ಟು, ಊರಿನ ದಕ್ಷಿಣ ಬದಿಯ ಹೈಮಾಸ್ಟ್ ದೀಪಗಳನ್ನು ಒಂದು ತಾಸು ಆರಿಸಬೇಕು.